ಪಕ್ಕದ ಮೇಜಿನ ಪುಸ್ತಕ

ಮಕ್ಕಳೇ, ಈ ವಾರ ಮೊದಲು ಒಂದು ಲೆಕ್ಕ. ಪೆನ್ಸಿಲ್ ಹಿಡಿದುಕೊಳ್ಳಿ. ಅಜ್ಜ ಅಜ್ಜಿಯರಿಗೆ ಪೆನ್ಸಿಲ್ ಬೇಡ, ನಮ್ಮ ಕಾಲದವರು ಬಾಯಿಲೆಕ್ಕದಲ್ಲೇ ಮುಗಿಸುತ್ತೇವೆ.

ಒಬ್ಬ ತಾತ ತಾನು ಬರೆದ ಕಥೆಪುಸ್ತಕವನ್ನು 500 ಪ್ರತಿ ಅಚ್ಚು ಹಾಕಿಸಿದ. ಎಲ್ಲ ಸೇರಿ ಖರ್ಚು 36,000 ರೂಪಾಯಿ. ಪುಸ್ತಕದ ಹಿಂದೆ ಬೆಲೆ 120 ರೂಪಾಯಿ ಎಂದು ಹಾಕಿಸಿದ. ಅಂಗಡಿಯವರು ನೂರಕ್ಕೆ 40ರಂತೆ ಕಮಿಷನ್ ಹಿಡಿದುಕೊಳ್ಳುತ್ತೇವೆ ಎಂದರು. ಹಾಗಾದರೆ ಒಂದು ಪ್ರತಿ ಮಾರಿದಾಗ ತಾತನಿಗೆ ಸಿಗುವ ಲಾಭ ಎಷ್ಟು?

ಒಂದು ಪ್ರತಿಗೆ ಬಿದ್ದ ಖರ್ಚು 72. ಕಮಿಷನ್ 48 ಕಳೆದರೆ ಕೈಗೆ ಬಂದದ್ದೂ 72. ಲಾಭ ಸೊನ್ನೆ. ಅಂಗಡಿಗೆ ಪುಸ್ತಕ ಹೊತ್ತುಕೊಂಡು ಹೋದ ಆಟೋ ಬಾಡಿಗೆ ಸೇರಿಸಿದರೆ ಸೊನ್ನೆಗಿಂತಲೂ ಕೆಳಗೆ. ಏಳನೆಯ ತರಗತಿಯಲ್ಲಿರುವ ನನ್ನ ಮೊಮ್ಮಗಳು ಪುಟ್ಟಿ ಇದನ್ನು ಅರ್ಧ ನಿಮಿಷದಲ್ಲಿ ಮಾಡಿ ತೋರಿಸಿದಳು. ಬಿ.ಕಾಂ. ಪಾಸು ಮಾಡಿ 37 ವರ್ಷ ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡಿದ ಆ ತಾತ ಮಾತ್ರ ಪುಸ್ತಕ ಅಚ್ಚಾಗಿ ಮನೆಗೆ ಬರುವವರೆಗೂ ಈ ಲೆಕ್ಕ ಮಾಡಿರಲಿಲ್ಲ. ಆ ತಾತ ಯಾರೆಂದು ನೀವೇ ಊಹಿಸಿರುತ್ತೀರಿ.

ಪುಸ್ತಕದ ಹೆಸರು 'ಕಾಗಕ್ಕನ ಬ್ಯಾಂಕು'. ಪುಟ್ಟಿಗೂ ಅವಳ ತಮ್ಮನಿಗೂ ರಾತ್ರಿ ಮಲಗುವಾಗ ಹೇಳುತ್ತಿದ್ದ ಕಥೆಗಳು. ಕಾಗಕ್ಕ ಹುಣಸೆಮರದ ಪೊಟರೆಯಲ್ಲಿ ಬ್ಯಾಂಕು ತೆರೆದು, ಅಳಿಲಿನ ಕಡಲೆಕಾಯಿ, ಗುಬ್ಬಿಯ ರಾಗಿ ಕಾಳು ಎಲ್ಲವನ್ನೂ ಠೇವಣಿ ಇಟ್ಟುಕೊಳ್ಳುತ್ತಾಳೆ. ಮಕ್ಕಳಿಗೆ ಇಷ್ಟವಾಗಿತ್ತು. ಸಾಹಿತ್ಯಾಸಕ್ತ ಮಿತ್ರರು ಇಬ್ಬರು "ಪುಸ್ತಕ ಮಾಡಿ, ಪುಸ್ತಕ ಮಾಡಿ" ಎಂದು ಹುರಿದುಂಬಿಸಿದರು. ನಾನು ಬ್ಯಾಂಕಿಗೆ ಹೋಗಿ 40,000 ರೂಪಾಯಿಯ ಒಂದು ಠೇವಣಿಯನ್ನು ಅವಧಿಗೆ ಮುಂಚೆಯೇ ಮುರಿಸಿದೆ. ಈ ಸಂಗತಿಯನ್ನು ಮನೆಯವಳಿಗೆ ಹೇಳಲಿಲ್ಲ. ಪುಸ್ತಕ ಮಾರಿ ಹಣ ಬಂದ ಮೇಲೆ ಮತ್ತೆ ಇಟ್ಟುಬಿಡುವುದು, ಅವಳಿಗೆ ತಿಳಿಯುವುದೇ ಇಲ್ಲ ಎಂಬ ಲೆಕ್ಕ. (ಹುರಿದುಂಬಿಸಿದ ಮಿತ್ರರಿಬ್ಬರೂ ಗೌರವ ಪ್ರತಿ ತೆಗೆದುಕೊಂಡು ಹೋದರು. ಅದನ್ನೂ ಖರ್ಚಿಗೇ ಬರೆದುಕೊಂಡಿದ್ದೇನೆ.)

ಒಂದು ಅಂಗಡಿಗೆ ಪುಸ್ತಕ ತೆಗೆದುಕೊಂಡು ಹೋದೆ. ಮಾಲೀಕರು ಒಳ್ಳೆಯವರು, ಕಾಫಿ ತರಿಸಿದರು. ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿ, "ಇದರ ಥರದ್ದು ಬೇರೆ ಯಾವ ಪುಸ್ತಕ ಇದೆ ಸಾರ್?" ಎಂದು ಕೇಳಿದರು.

ನಾನು ಎದೆಯುಬ್ಬಿಸಿ, "ಇದರ ಥರದ್ದು ಯಾವುದೂ ಇಲ್ಲ" ಎಂದೆ.

"ಹಾಗಾದ್ರೆ ಯಾವ ಕಪಾಟಿನಲ್ಲಿ ಇಡ್ಲಿ ಸಾರ್?" ಎಂದರು ಅವರು.

ನನಗೆ ಉತ್ತರ ಹೊಳೆಯಲಿಲ್ಲ. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ನಕ್ಕೆ. ಹತ್ತು ಪ್ರತಿ ಕೊಟ್ಟು ಬಂದೆ. ಎರಡು ತಿಂಗಳ ಮೇಲೆ ಹೋದಾಗ ಹತ್ತೂ ಪ್ರತಿಗಳು ಗೈಡು, ಪಂಚಾಂಗಗಳ ನಡುವೆ ಧೂಳು ಕುಡಿಯುತ್ತಾ ಕೂತಿದ್ದವು. ವಾಪಸು ತಂದೆ. ಮಂಚದ ಕೆಳಗೆ ಕಟ್ಟುಗಳು ಹಾಗೇ ಇದ್ದವು. ಮನೆಯವಳು ಕಸ ಗುಡಿಸುವಾಗ ಪೊರಕೆಯ ಹಿಡಿ ಅದಕ್ಕೆ ತಾಗಿದಾಗಲೆಲ್ಲ ನನ್ನ ಎದೆ ಒಂದು ಸಲ ಹೊಡೆದುಕೊಳ್ಳುತ್ತಿತ್ತು.

ಆಗ ತುಮಕೂರಿನಲ್ಲಿ ಮೂರು ದಿನದ ಪುಸ್ತಕ ಮೇಳ ಬಂತು. ಅರ್ಧ ಮೇಜಿಗೆ 1,500 ರೂಪಾಯಿ ಬಾಡಿಗೆ. ಮೇಳದಲ್ಲಿ ಕಮಿಷನ್ ಇಲ್ಲ, ಗಿರಾಕಿಗೆ ನೂರಕ್ಕೆ 10 ಸೋಡಿ ಬಿಡಬೇಕು, ಅಷ್ಟೆ. ಪ್ರತಿಗೆ 108 ಕೈಗೆ ಬರುತ್ತದೆ. ಪುಟ್ಟಿಗೆ ರಜ ಇತ್ತು. ಅವಳನ್ನು ಕ್ಯಾಷಿಯರ್ ಮಾಡಿಕೊಂಡು ಹೋದೆ.

ನಮ್ಮ ಮೇಜಿನ ಇನ್ನರ್ಧದಲ್ಲಿ ಒಬ್ಬ ಹೆಣ್ಣುಮಗಳು. ನಲವತ್ತು ವರ್ಷ ಇರಬಹುದು. ಅವರದ್ದೂ ಮಕ್ಕಳ ಪುಸ್ತಕಗಳೇ. ಸ್ವಂತ ಪ್ರಕಾಶನ, ಹತ್ತೋ ಹನ್ನೆರಡೋ ಪುಸ್ತಕ. ಬಣ್ಣಬಣ್ಣದ ಹೊದಿಕೆ, ಒಂದರ ಮೇಲೆ ಆನೆಯೊಂದು ಛತ್ರಿ ಹಿಡಿದುಕೊಂಡು ನಿಂತಿತ್ತು. ನನ್ನದು ಒಂದೇ ಪುಸ್ತಕ, ಕಂದು ಹೊದಿಕೆ, ನಡುವೆ ಒಂದು ಕಾಗೆ. ಅವರನ್ನು ನೋಡಿದ ಕೂಡಲೇ ನನಗೆ ಅನ್ನಿಸಿದ್ದು: ಇವರೇ ನನ್ನ ಪ್ರತಿಸ್ಪರ್ಧಿ.

ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ಅವರದ್ದು ಇಪ್ಪತ್ತಕ್ಕೂ ಹೆಚ್ಚು ಹೋಗಿತ್ತು. ನನ್ನದು ಮೂರು. ಅದರಲ್ಲಿ ಎರಡು ನನ್ನ ಷಡ್ಡಕನ ಮನೆಯವರು ತೆಗೆದುಕೊಂಡಿದ್ದು. ಎರಡು ಗಂಟೆಗೆ ಆ ಹೆಣ್ಣುಮಗಳು "ಸಾರ್, ಊಟ ಮಾಡಿ ಬರ್ತೀನಿ, ಸ್ವಲ್ಪ ನೋಡ್ಕೋತೀರಾ? ಬೆಲೆ ಹಿಂದುಗಡೆ ಇದೆ" ಎಂದು ಹೇಳಿ ಹೋದರು.

ಅವರು ಹೋದ ಐದು ನಿಮಿಷಕ್ಕೆ ಒಬ್ಬ ತಾಯಿ ಮಗನನ್ನು ಕರೆದುಕೊಂಡು ಬಂದರು. ಹುಡುಗನಿಗೆ ಆರು ವರ್ಷ. ಸೀದಾ ಬಂದವನೇ ಛತ್ರಿ ಹಿಡಿದ ಆನೆಯ ಮೇಲೆ ಕೈಯಿಟ್ಟ.

ನಾನು ಏನು ಹೇಳಿದೆ ಗೊತ್ತೇ? "ಅದರ ಬೆಲೆ ನನಗೆ ಗೊತ್ತಿಲ್ಲ ಕಂದ, ಆಂಟಿ ಊಟಕ್ಕೆ ಹೋಗಿದ್ದಾರೆ, ಅಷ್ಟರಲ್ಲಿ ಈ ಪುಸ್ತಕ ನೋಡು" ಎಂದು ಕಾಗಕ್ಕನನ್ನು ಮುಂದೆ ತಳ್ಳಿದೆ. ಹುಡುಗ ಒಂದು ಪುಟ ತೆಗೆದ, ಮುಚ್ಚಿದ. ಮತ್ತೆ ಆನೆಯ ಕಡೆ ನೋಡಿದ. ತಾಯಿ ಗಡಿಯಾರ ನೋಡಿಕೊಂಡು "ಆಮೇಲೆ ಬರೋಣ ಬಾ" ಎಂದು ಎಳೆದುಕೊಂಡು ಹೋದರು. ಅವರು ಮತ್ತೆ ಬರಲಿಲ್ಲ.

ಪುಟ್ಟಿ ಹಣದ ಡಬ್ಬಿ ಹಿಡಿದುಕೊಂಡು ಪಕ್ಕದಲ್ಲೇ ಕೂತಿದ್ದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ತಾತ, ಬೆಲೆ ಹಿಂದುಗಡೆ ಇದೆ ಅಂತ ಆಂಟಿ ಹೇಳಿದ್ರಲ್ಲ?" ಎಂದಳು.

37 ವರ್ಷ ಬೇರೆಯವರ ಹಣ ಎಣಿಸಿದ್ದೇನೆ. ಒಂದು ರೂಪಾಯಿ ಹೆಚ್ಚು ಬಂದರೂ ಗಿರಾಕಿಯನ್ನು ಮೆಟ್ಟಿಲಿನಿಂದ ವಾಪಸು ಕರೆದು ಕೊಟ್ಟಿದ್ದೇನೆ. ಆ ಕಥೆಗಳನ್ನೆಲ್ಲ ಇದೇ ಪುಟದಲ್ಲಿ ನಿಮಗೆ ಹೇಳಿ ಬೆನ್ನು ತಟ್ಟಿಕೊಂಡಿದ್ದೇನೆ. ಆ ಮಗುವಿನ ಮುಖ ನೋಡಲು ನನಗೆ ಆಗಲಿಲ್ಲ.

ಆ ಹೆಣ್ಣುಮಗಳು ವಾಪಸು ಬಂದ ಮೇಲೆ ನಡೆದದ್ದನ್ನು ಹೇಳಿಬಿಟ್ಟೆ. ಹೇಳದೆ ಇದ್ದಿದ್ದರೆ ಪುಟ್ಟಿಯ ಜೊತೆ ಬಸ್ಸಿನಲ್ಲಿ ಮನೆಗೆ ಹೋಗುವುದು ಕಷ್ಟವಾಗುತ್ತಿತ್ತು. ಅವರು ನಗಲಿಲ್ಲ. "ಆ ಪುಸ್ತಕ 80 ರೂಪಾಯಿ ಸಾರ್. ನಾನೂ ಮೇಜಿಗೆ ಬಾಡಿಗೆ ಕಟ್ಟಿದ್ದೀನಿ" ಎಂದರು. ಅಷ್ಟೇ. ಸಂಜೆಯವರೆಗೆ ಮಾತಿಲ್ಲ.

ಮೇಳ ಮುಚ್ಚುವ ಹೊತ್ತಿಗೆ ಅವರೇ ತಿರುಗಿ ಕೇಳಿದರು: "ನೀವು ನಮ್ಮ ಪುಸ್ತಕ ಯಾವುದಾದ್ರೂ ಓದಿದ್ದೀರಾ ಸಾರ್?"

ಇಲ್ಲ ಎಂದೆ. ಅವರದ್ದು ಇರಲಿ, ಕಳೆದ ಮೂವತ್ತು ವರ್ಷದಲ್ಲಿ ಕನ್ನಡದಲ್ಲಿ ಬಂದ ಒಂದೇ ಒಂದು ಮಕ್ಕಳ ಪುಸ್ತಕವನ್ನೂ ನಾನು ಓದಿರಲಿಲ್ಲ. ಮಕ್ಕಳ ಪುಸ್ತಕ ಬರೆದವನು!

"ನಾನೂ ನಿಮ್ಮದು ಓದಿಲ್ಲ" ಎಂದರು. "ಇವತ್ತು ರಾತ್ರಿ ಓದೋಣ. ನಾಳೆ ನನ್ನದನ್ನು ನೀವು ಮಾರಿ, ನಿಮ್ಮದನ್ನು ನಾನು ಮಾರ್ತೀನಿ." ನಾಲ್ಕು ಪುಸ್ತಕ ಚೀಲಕ್ಕೆ ಹಾಕಿ ಕೊಟ್ಟರು. ನಾನು ಒಂದು ಪ್ರತಿ ಕೊಟ್ಟು, ನಮ್ಮ ಕ್ಯಾಷಿಯರ್ ಕಡೆ ನೋಡಿದೆ. "ಇದಕ್ಕೆ 108 ಬೇಡ ತಾತ" ಎಂದಳು ಪುಟ್ಟಿ.

ಬಸ್ಸಿನಲ್ಲಿ ಕೂತಾಗ ನನಗೆ ಹಾವೇರಿ ನೆನಪಾಯಿತು. ನಾನು ಕೆಲವು ವರ್ಷ ಆ ಕಡೆಯ ಶಾಖೆಯಲ್ಲಿದ್ದೆ. ಪಿಂಚಣಿಗೆ ಬರುತ್ತಿದ್ದ ಹಿರಿಯ ಮೇಷ್ಟರೊಬ್ಬರು ಗಳಗನಾಥರ ಕಥೆ ಹೇಳುತ್ತಿದ್ದರು. ಗಳಗನಾಥ ಎನ್ನುವುದು ಊರಿನ ಹೆಸರು, ತುಂಗಭದ್ರೆಗೆ ವರದಾ ನದಿ ಸೇರುವ ಜಾಗ. ಲೇಖಕರ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. 1869ರಲ್ಲಿ ಹುಟ್ಟಿದವರು, ಶಾಲೆಯ ಮೇಷ್ಟರು. ಕಾದಂಬರಿಗಳನ್ನು ಬರೆದು, ತಾವೇ ಪುಸ್ತಕಗಳ ಗಂಟು ಹೊತ್ತುಕೊಂಡು ಊರೂರು ಅಲೆದು ಮಾರಿದವರು. ಇದು ಹಲವರಿಗೆ ಗೊತ್ತಿರುವ ಕಥೆಯೇ. ಅವರ ಕಷ್ಟ ಕೇಳಿ ಅಯ್ಯೋ ಪಾಪ ಎಂದುಕೊಂಡಿದ್ದೆನೇ ಹೊರತು, ಅವರ ಜಾಣತನ ನನಗೆ ಹೊಳೆದಿರಲಿಲ್ಲ.

ಆಗ ಆ ಪ್ರದೇಶ ಮುಂಬೈ ಪ್ರಾಂತ್ಯದಲ್ಲಿತ್ತು. ಓದುಬರಹ ಬಲ್ಲ ಮನೆಗಳಲ್ಲಿ ಮರಾಠಿಯದ್ದೇ ಮೇಲುಗೈ. ಮನೆಯಲ್ಲಿ ಕನ್ನಡ ಮಾತಾಡುವವರೂ ಕಾದಂಬರಿ ಓದಬೇಕೆಂದರೆ ಹರಿ ನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿಗಳನ್ನು ಹಿಡಿಯುತ್ತಿದ್ದರು. ಗಳಗನಾಥರ ಎದುರಿಗೆ ನಿಂತಿದ್ದ ಸ್ಪರ್ಧೆ ಅದು. ಅವರು ಮರಾಠಿಯನ್ನು ಬೈಯುತ್ತಾ ಕೂರಲಿಲ್ಲ. ಆಪ್ಟೆಯವರನ್ನು ಚೆನ್ನಾಗಿ ಓದಿದರು. ಜನ ಯಾಕೆ ಇದಕ್ಕೆ ಮುಗಿಬೀಳುತ್ತಾರೆ ಎಂದು ತಿಳಿದುಕೊಂಡರು. ಆ ಕಾದಂಬರಿಗಳನ್ನೇ ಕನ್ನಡಕ್ಕೆ ತಂದರು. ಓದುಗರಿಗೆ ಅಂಥದ್ದರ ರುಚಿ ಹತ್ತಿದ ಮೇಲೆ 'ಮಾಧವ ಕರುಣಾ ವಿಲಾಸ'ದಂಥ ವಿಜಯನಗರದ ಕಥೆಯನ್ನೂ ಕೊಟ್ಟರು. ಗಂಟು ಹೊತ್ತುಕೊಂಡು ಒಂದು ಮನೆಯ ಜಗಲಿಗೆ ಹೋದಾಗ, ಒಳಗೆ ಕಪಾಟಿನಲ್ಲಿ ಯಾವ ಪುಸ್ತಕ ಇದೆ ಎಂದು ಅವರಿಗೆ ಗೊತ್ತಿರುತ್ತಿತ್ತು. ನನಗೆ ನನ್ನದೇ ಮೇಜಿನ ಇನ್ನರ್ಧದಲ್ಲಿ ಏನಿದೆ ಎಂದು ಗೊತ್ತಿರಲಿಲ್ಲ.

ಮನೆಗೆ ಹೋಗಿ ಊಟವಾದ ಮೇಲೆ ಛತ್ರಿ ಆನೆಯ ಪುಸ್ತಕ ತೆಗೆದೆ. 24 ಪುಟ. ಪುಟಕ್ಕೆ ಎರಡೇ ಸಾಲು, ಅಕ್ಷರ ಒಂದೊಂದೂ ಕಡಲೆಕಾಳಿನ ಗಾತ್ರ. ಉಳಿದದ್ದೆಲ್ಲ ಚಿತ್ರ. ಇದೇನು ಮಹಾ ಎಂದುಕೊಂಡೆ. ಆದರೆ ಒಂದನೆಯ ತರಗತಿಯ ನಮ್ಮ ಚಿಕ್ಕವನು ಬಂದು ನನ್ನ ಕೈಯಿಂದ ಕಿತ್ತುಕೊಂಡು, ಬೆರಳಿಟ್ಟುಕೊಂಡು, "ಆ...ನೆ...ಗೆ" ಎಂದು ತಾನೇ ಓದತೊಡಗಿದ. ಕೊನೆಯ ಪುಟದವರೆಗೂ ಓದಿದ. ಮತ್ತೆ ಮೊದಲಿನಿಂದ ಓದಿದ. ನನ್ನ ಪುಸ್ತಕ ಮನೆಗೆ ಬಂದು ನಾಲ್ಕು ತಿಂಗಳಾಗಿತ್ತು. ಅವನು ಅದನ್ನು ಒಂದು ಸಲವೂ ತಾನಾಗಿ ಓದಿರಲಿಲ್ಲ.

"ನಿಂಗೆ ಕಾಗಕ್ಕ ಇಷ್ಟ ಇಲ್ವೇನೋ?" ಎಂದೆ. "ಇಷ್ಟ. ಅದು ನೀನು ಹೇಳೋ ಪುಸ್ತಕ. ಇದು ನಾನು ಓದೋ ಪುಸ್ತಕ" ಎಂದ.

ಅಂಗಡಿ ಮಾಲೀಕರು ಕೇಳಿದ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಆರು ವರ್ಷದ ಮಗು ಅರ್ಧ ನಿಮಿಷದಲ್ಲಿ ನನ್ನ ಪುಸ್ತಕದ ಕಪಾಟು ತೋರಿಸಿತು. ಆನೆಯ ಪುಸ್ತಕ ಮಗು ತಾನೇ ಓದಲು. ನನ್ನದು ದೊಡ್ಡವರು ಓದಿ ಹೇಳಲು. ಎರಡಕ್ಕೂ ಜಗಳವೇ ಇಲ್ಲ. ಒಂದು ಹಗಲಿನದು, ಒಂದು ರಾತ್ರಿಯದು.

ಆ ರಾತ್ರಿ ನಿದ್ದೆ ಬರಲಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗಿನ ಸಂಗತಿ ನೆನಪಾಯಿತು. 1964ರಲ್ಲಿ ಇಂದ್ರಜಾಲ ಕಾಮಿಕ್ಸ್ ಶುರುವಾಯಿತು. ಫ್ಯಾಂಟಮ್ ಎಂಬ ಮುಖವಾಡದ ವೀರ, ತಲೆಬುರುಡೆಯ ಗುಹೆ, ಬಿಳಿ ಕುದುರೆ. ಇಂಗ್ಲಿಷ್ ಅರ್ಧಂಬರ್ಧ ಗೊತ್ತಿದ್ದರೂ ಚಿತ್ರ ನೋಡಿಕೊಂಡು, ಬಾಡಿಗೆ ಲೈಬ್ರರಿಯಿಂದ ತಂದು, ಪಠ್ಯಪುಸ್ತಕದೊಳಗೆ ಇಟ್ಟುಕೊಂಡು ಓದುತ್ತಿದ್ದೆವು. ಮನೆಯ ಹಿರಿಯರು "ಈ ಹಾಳು ಪುಸ್ತಕ ಓದಿ ಮಕ್ಕಳು ಕೆಟ್ಟುಹೋದರು" ಎಂದು ಬೈಯುತ್ತಿದ್ದರು. ಈಗಿನ ಅಜ್ಜ ಅಜ್ಜಿಯರು ಮೊಬೈಲನ್ನು ಬೈಯುವ ಹಾಗೇ. ನೆನಪಿದೆಯೇ?

ಆಗ ಮುಂಬೈಯಲ್ಲಿ ಆ ಕಾಮಿಕ್ಸ್ ಹೊರತರುತ್ತಿದ್ದ ಪತ್ರಿಕಾ ಸಂಸ್ಥೆಯಲ್ಲೇ ನಮ್ಮ ಕಾರ್ಕಳದಲ್ಲಿ ಹುಟ್ಟಿದ ಒಬ್ಬರು ಕೆಲಸ ಮಾಡುತ್ತಿದ್ದರು. ಅನಂತ ಪೈ. ಮಕ್ಕಳು ಫ್ಯಾಂಟಮ್‌ಗೆ ಯಾಕೆ ಮುಗಿಬೀಳುತ್ತಾರೆ ಎಂದು ಒಳಗಿನಿಂದಲೇ ನೋಡಿದವರು. 1967ರಲ್ಲಿ ದೆಹಲಿಯಲ್ಲಿ ದೂರದರ್ಶನದ ಒಂದು ಕ್ವಿಜ್ ನೋಡಿದರಂತೆ. ಗ್ರೀಕರ ದೇವರುಗಳ ಬಗ್ಗೆ ಥಟ್ಟನೆ ಉತ್ತರ ಹೇಳಿದ ಮಕ್ಕಳಿಗೆ ರಾಮನ ತಾಯಿಯ ಹೆಸರು ಬರಲಿಲ್ಲ. ಅವರು ಕೆಲಸ ಬಿಟ್ಟು ಅಮರ ಚಿತ್ರಕಥೆಗೆ ಕೈ ಹಾಕಿದರು. ಕೃಷ್ಣನ ಕಥೆಯನ್ನು ಫ್ಯಾಂಟಮ್ ಬರುತ್ತಿದ್ದ ಅದೇ ರೂಪದಲ್ಲಿ, ಅದೇ ಚೌಕ ಚೌಕದ ಚಿತ್ರ, ಬಾಯಿಂದ ಗುಳ್ಳೆಯಾಗಿ ಹೊರಡುವ ಮಾತಿನೊಂದಿಗೆ ಕೊಟ್ಟರು. ಆದರೂ ಮೊದಮೊದಲು ಪುಸ್ತಕದಂಗಡಿಯವರು ಇಡಲು ಹಿಂದೇಟು ಹಾಕಿದಾಗ, ಹೋಟೆಲು, ಪೆಟ್ರೋಲ್ ಬಂಕುಗಳಲ್ಲಿ ಸ್ಟ್ಯಾಂಡು ಇಡಿಸಿದರು. ಮಕ್ಕಳು ಅಪ್ಪ ಅಮ್ಮನ ಜೊತೆ ಎಲ್ಲೆಲ್ಲಿ ಕಾಯುತ್ತಾ ನಿಲ್ಲುತ್ತಾರೋ ಅಲ್ಲಿ.

ಇನ್ನೊಂದು ಸ್ವಾರಸ್ಯ. ಇಂಗ್ಲಿಷಿನ 'ಕೃಷ್ಣ' ಪುಸ್ತಕದ ಮೇಲೆ ಸಂಖ್ಯೆ 11 ಎಂದಿರುತ್ತದೆ. ಮೊದಲ ಹತ್ತು ಎಲ್ಲಿ ಹೋದವು? ಅವು ಕನ್ನಡದಲ್ಲಿದ್ದವು! 1965ರ ಸುಮಾರಿಗೆ ಬೆಂಗಳೂರಿನಲ್ಲಿ ಪುಸ್ತಕ ಮಾರಾಟದಲ್ಲಿ ಪಳಗಿದ್ದ ಐಬಿಎಚ್‌ನ ಜಿ.ಕೆ. ಅನಂತರಾಮ್ ಅವರು ಸಿಂಡರೆಲಾದಂಥ ಪಾಶ್ಚಾತ್ಯ ಕಥೆಗಳನ್ನು ಕನ್ನಡದ ಚಿತ್ರಕಥೆಗಳಾಗಿ ತಂದಿದ್ದರು. ಅಂಗಡಿಯಲ್ಲಿ ಮಕ್ಕಳ ಕೈ ಎತ್ತ ಹೋಗುತ್ತದೆ ಎಂದು ದಿನವೂ ನೋಡುತ್ತಿದ್ದವರಿಗೆ ಹೊಳೆಯುವ ವಿಚಾರ ಅದು.

ಎರಡನೆಯ ದಿನ ಬೆಳಗ್ಗೆ ಪುಟ್ಟಿ ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಸ್ಕೆಚ್ ಪೆನ್ನಿನಿಂದ ದೊಡ್ಡದಾಗಿ ಬರೆದಳು: 'ಮಲಗುವ ಹೊತ್ತಿಗೆ ಅಜ್ಜಿ ತಾತ ಓದಿ ಹೇಳಲು. ಒಂದು ಕಥೆಗೆ ಕಾಲು ಗಂಟೆ.' ಕಾಗಕ್ಕನ ಮೇಲೆ ಅದನ್ನು ಕಟ್ಟಿದೆವು. ಆ ಹೆಣ್ಣುಮಗಳು ಬೆಳಗ್ಗೆ ಬಂದವರೇ, "ಸಾರ್, ನಿಮ್ಮ ಅಳಿಲಿನ ಸಾಲದ ಕಥೆ ಓದಿ ನಮ್ಮ ಅತ್ತೆ ಬಿದ್ದು ಬಿದ್ದು ನಕ್ಕರು. ಆದ್ರೆ ಅಕ್ಷರ ಯಾಕೆ ಅಷ್ಟು ಸಣ್ಣದು?" ಎಂದರು. ಕಾಗದ ಉಳಿಸಲೆಂದು ನಾನೇ ಅಕ್ಷರ ಇಳಿಸಿ 96 ಪುಟಕ್ಕೆ ಅಡಗಿಸಿದ್ದೆ. ಓದಿ ಹೇಳಬೇಕಾದವರು ಅಜ್ಜ ಅಜ್ಜಿಯರು, ಅಕ್ಷರ ಇರುವೆ ಗಾತ್ರ. ಆ ದಿನವೇ ಮೂವರು ಅಜ್ಜಿಯರು ಪುಸ್ತಕ ತೆಗೆದು, ಕನ್ನಡಕ ಮೇಲೆ ಕೆಳಗೆ ಮಾಡಿ, "ಕಾಣಲ್ಲಪ್ಪ" ಎಂದು ಕೆಳಗಿಟ್ಟರು. ಅದಕ್ಕೆ ಯಾವ ಬೋರ್ಡೂ ಪರಿಹಾರವಲ್ಲ.

ಮಾತಿನಂತೆ ಅವರ ಪುಸ್ತಕ ನಾನು ಮಾರತೊಡಗಿದೆ. ಓದಿದ್ದೆನಲ್ಲ, ಹೇಳಲು ಮಾತು ಬರುತ್ತಿತ್ತು. "ನಮ್ಮ ಮೊಮ್ಮಗ ಇದನ್ನು ನಿನ್ನೆ ರಾತ್ರಿ ಎರಡು ಸಲ ಓದಿದ" ಎನ್ನುತ್ತಿದ್ದೆ. ಅದು ನಿಜವಾದ್ದರಿಂದ ಹೇಳುವಾಗ ಗಂಟಲು ಒಣಗುತ್ತಿರಲಿಲ್ಲ. ನನ್ನ ಪುಸ್ತಕವನ್ನು ನಾನೇ ಹೊಗಳುವಾಗ ಒಣಗುತ್ತಿತ್ತು. ಅವರೂ ಹಾಗೇ, ನಮ್ಮ ಅತ್ತೆ ನಕ್ಕರು ಎಂದು ಹೇಳಿ ಕಾಗಕ್ಕನನ್ನು ಕೊಟ್ಟರು. ಚಿಕ್ಕ ಮಗುವಿಗೆ ಆನೆ ಕೊಂಡವರು "ಜೊತೆಗೆ ಅಜ್ಜಿಗೊಂದು" ಎಂದು ಕಾಗಕ್ಕನನ್ನೂ ತೆಗೆದುಕೊಂಡರು. ಚಿಕ್ಕಪೇಟೆಯಲ್ಲಿ ಸೀರೆ ಅಂಗಡಿಯ ಪಕ್ಕ ಸೀರೆ ಅಂಗಡಿಯೇ ಯಾಕಿರುತ್ತದೆ ಎಂದು ನಾನು ಎಷ್ಟೋ ಸಲ ಮನೆಯವಳ ಹಿಂದೆ ಚೀಲ ಹಿಡಿದು ನಿಂತು ಯೋಚಿಸಿದ್ದೆ. ಸೀರೆ ಕೊಳ್ಳುವವರೆಲ್ಲ ಆ ಬೀದಿಗೇ ಬರುತ್ತಾರೆ, ಅದಕ್ಕೆ.

ಹಾಗಾದರೆ ಪ್ರತಿಸ್ಪರ್ಧಿ ಯಾರು? ಇದನ್ನು ಕಂಡುಹಿಡಿದವಳು ಪುಟ್ಟಿ. ಮಧ್ಯಾಹ್ನ ವ್ಯಾಪಾರ ತಣ್ಣಗಿದ್ದಾಗ ನೋಟ್‌ಬುಕ್ ಹಿಡಿದು ಮೈದಾನದ ಗೇಟಿನ ಹತ್ತಿರ ನಿಂತು, ಹೊರಗೆ ಹೋಗುವ ಮಕ್ಕಳ ಕೈಯಲ್ಲಿ ಏನಿದೆ ಎಂದು ಬರೆದುಕೊಂಡು ಬಂದಳು. 40 ಮಕ್ಕಳು. ಗೋಬಿ ಮಂಚೂರಿ, ಚುರುಮುರಿ, ಐಸ್‌ಕ್ರೀಮು ಹಿಡಿದವರು 15. ಮಿಣಮಿಣ ಮಿನುಗುವ ಪ್ಲಾಸ್ಟಿಕ್ ಆಟಿಕೆ 8. ಇಂಗ್ಲಿಷ್ ಡ್ರಾಯಿಂಗ್ ಬುಕ್ಕು, ಕಾಪಿರೈಟಿಂಗ್ ಪುಸ್ತಕ 7. ಬರಿಗೈ 6. ಕನ್ನಡ ಕಥೆಪುಸ್ತಕ 4. ನಾನು ಆ ನಾಲ್ಕರಲ್ಲಿ ನನಗೆಷ್ಟು ಎಂದು ಪಕ್ಕದವರ ಜೊತೆ ಮನಸ್ಸಿನಲ್ಲೇ ಕಿತ್ತಾಡುತ್ತಿದ್ದೆ. ಉಳಿದ 36 ಗೇಟು ದಾಟಿ ಹೋಗುತ್ತಿದ್ದವು.

ಬ್ಯಾಂಕಿನ ಪಾಠವನ್ನೇ ನಾನು ಮರೆತಿದ್ದೆ. 1928ರಲ್ಲಿ ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ ಪಿಗ್ಮಿ ಠೇವಣಿ ಶುರುಮಾಡಿತು. ದಿನಕ್ಕೆ ಎರಡಾಣೆ, ಏಜೆಂಟರು ಮನೆ ಬಾಗಿಲಿಗೇ ಬಂದು ಪಡೆಯುತ್ತಿದ್ದರು. ಆ ಎರಡಾಣೆ ಬೇರೆ ಬ್ಯಾಂಕಿನಿಂದ ಕಿತ್ತುಕೊಂಡು ಬಂದದ್ದಲ್ಲ. ಅಡುಗೆಮನೆಯ ಸಾಸಿವೆ ಡಬ್ಬಿಯಿಂದ, ಕಾಫಿ ಹೋಟೆಲಿನ ಗಲ್ಲಾಪೆಟ್ಟಿಗೆಗೆ ಹೋಗಬೇಕಾಗಿದ್ದರಿಂದ ಬಂದದ್ದು. ನಾನು ಸೇವೆಗೆ ಸೇರಿದಾಗಲೂ ನಮ್ಮ ಮ್ಯಾನೇಜರು ಹೇಳುತ್ತಿದ್ದರು, "ಎದುರುಗಡೆ ಬ್ಯಾಂಕಿನ ಬೋರ್ಡು ನೋಡ್ಬೇಡ್ರಿ, ಸಾಸಿವೆ ಡಬ್ಬಿ ನೋಡ್ರಿ" ಎಂದು.

ನಮ್ಮ ಸಾಸಿವೆ ಡಬ್ಬಿ ಇದ್ದದ್ದು ಮೈದಾನದ ಮೂಲೆಯ ಚುರುಮುರಿ ಗಾಡಿಯಲ್ಲಿ. ಮೂರನೆಯ ದಿನ ನಾವು ಏನು ಮಾಡಿದೆವು ಗೊತ್ತೇ? ಚುರುಮುರಿಯವನ ಪಕ್ಕದ ಕಲ್ಲುಬೆಂಚಿನ ಮೇಲೆ ಪುಟ್ಟಿಯೂ ಆ ಹೆಣ್ಣುಮಗಳ ಮಗನೂ ಕೂತು, ಅವನು ಆನೆಯ ಕಥೆ, ಇವಳು ಕಾಗಕ್ಕನ ಕಥೆ, ಗಟ್ಟಿಯಾಗಿ ಓದಿದರು. ಚುರುಮುರಿ ಕಲಸಿ ಕೊಡುವವರೆಗೆ ಮಕ್ಕಳು ಹೇಗೂ ಕಾಯಬೇಕು. ಕಾಯುವಾಗ ಕೇಳಿದರು. ಕೆಲವರು ಪೊಟ್ಟಣ ಹಿಡಿದುಕೊಂಡು ಕಥೆ ಮುಗಿಯುವವರೆಗೂ ನಿಂತರು. ಗಾಡಿಯವನು "ನನ್ನ ವ್ಯಾಪಾರವೂ ಜಾಸ್ತಿ ಆಯ್ತು" ಎಂದು ಇಬ್ಬರಿಗೂ ಬಿಟ್ಟಿ ಚುರುಮುರಿ ಕೊಟ್ಟ. ಒಬ್ಬ ಅಜ್ಜಿ ಬಂದು "ಚಂದಮಾಮ ಇದ್ಯಾ?" ಎಂದು ಕೇಳಿದರು. ಕನ್ನಡದಲ್ಲಿ 1949ರಿಂದ ಬರುತ್ತಿದ್ದ ಆ ಪತ್ರಿಕೆ ನಿಂತು ಹತ್ತು ವರ್ಷದ ಮೇಲಾಯಿತು. ಇಲ್ಲ ತಾಯಿ ಎಂದೆ. "ನಮ್ಮಪ್ಪ ಅದನ್ನ ಓದಿ ಹೇಳ್ತಿದ್ರು" ಎಂದು ಸ್ವಲ್ಪ ಹೊತ್ತು ನಿಂತು, ಸಣ್ಣ ಅಕ್ಷರವಾದರೂ ಸರಿ ಎಂದು ಎರಡು ಕಾಗಕ್ಕ ಕೊಂಡುಹೋದರು. ಅವರ ಮನಸ್ಸಿನಲ್ಲಿ ಕಾಗಕ್ಕನ ಪಕ್ಕ ಇದ್ದ ಪುಸ್ತಕ ಯಾವುದೆಂದು ನನಗೆ ಆಗ ತಿಳಿಯಿತು.

ಲೆಕ್ಕ ಕೇಳುವ ಓದುಗರಿಗಾಗಿ: ಮೊದಲ ದಿನ 4, ಎರಡನೆಯ ದಿನ 19, ಮೂರನೆಯ ದಿನ 33. ಒಟ್ಟು 56 ಪ್ರತಿ. 6,048 ರೂಪಾಯಿ ಬಂತು, ಬಾಡಿಗೆ ಕಳೆದು 4,548. ಎರಡು, ಮೂರನೆಯ ದಿನದ ನನ್ನ 52ರಲ್ಲಿ 38 ಮಾರಿದವರು ಪಕ್ಕದ ಮೇಜಿನವರು. ಅವರದ್ದನ್ನು ನಾನು ಮಾರಿದ್ದು 27. ಛತ್ರಿ ಆನೆಗೆ ಕೈಚಾಚಿದ ಆ ಹುಡುಗ ಬರುತ್ತಾನೇನೋ ಎಂದು ಮೂರನೆಯ ದಿನ ಒಂದು ಪ್ರತಿಗೆ ನಾನೇ 80 ರೂಪಾಯಿ ಕೊಟ್ಟು ತೆಗೆದಿಟ್ಟಿದ್ದೆ. ಬರಲಿಲ್ಲ. ಅದು ನಮ್ಮ ಚಿಕ್ಕವನ ಪಾಲಾಯಿತು.

ಮನೆಗೆ ಬಂದು ಚೀಟಿಯ ಮೇಲೆ ಅಂಕಿ ಬರೆಯುತ್ತಾ ಕೂತಿದ್ದೆ. 36,000ವೂ 1,500ವೂ ಸೇರಿ ಅಸಲು ಹುಟ್ಟಲು 348 ಪ್ರತಿ ಹೋಗಬೇಕು, ಇನ್ನು 292. ಮನೆಯವಳು ಕಾಫಿ ತಂದಿಟ್ಟು, ಚೀಟಿ ನೋಡಿ, "ಏನ್ರೀ, ಠೇವಣಿ ತುಂಬೋಕೆ ಇನ್ನೂ ಎಷ್ಟು ಬೇಕು?" ಎಂದಳು.

ನಾನು ಕಾಫಿ ಕೆಳಗಿಟ್ಟೆ.

"ಖಾತೆಗೆ ಜೋಡಿಸಿರೋ ಮೊಬೈಲ್ ನಂಬರು ಯಾರದ್ದು ಅಂತ ಮರೆತುಬಿಟ್ರಾ? ಮುರಿಸಿದ ದಿನವೇ ಮೆಸೇಜ್ ಬಂತು" ಎಂದಳು. "ನೀವೇ ಹೇಳ್ತೀರೇನೋ ಅಂತ ಕಾಯ್ತಾ ಇದ್ದೆ. ನಾಲ್ಕು ತಿಂಗಳಾಯ್ತು."

ಪುಟ್ಟಿ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಮನೆಯವಳು ಮಂಚದ ಕೆಳಗಿನಿಂದ ಒಂದು ಕಟ್ಟು ಎಳೆದು, ಹಗ್ಗ ಬಿಚ್ಚಿ, ಎರಡು ಪ್ರತಿ ತೆಗೆದು ಚೀಲಕ್ಕೆ ಹಾಕಿಕೊಂಡಳು. ಸಂಜೆ ಭಜನೆಗೆ ಹೋಗುವಾಗ ತೆಗೆದುಕೊಂಡು ಹೋಗುತ್ತಾಳಂತೆ. ಅಲ್ಲಿ ಎಲ್ಲರೂ ಅಜ್ಜಿಯರೇ. "108 ತಾನೇ?" ಎಂದು ಕೇಳಿದಳು.